ಒಬ್ಬ ಶಾಲೆಗೆ, ಒಬ್ಬ ಮಂತ್ರಕ್ಕೆ

ಪೂಜೆ ನಡೆಯುವಷ್ಟು ಹೊತ್ತು ಅಣ್ಣ ತಮ್ಮನ ಕಾಲಿಗೆ ಬೀಳುತ್ತಾನೆ. ಪೂಜೆ ಮುಗಿದ ಮೇಲೆ ತಮ್ಮ ಊಟದೆಲೆ ಎತ್ತಲು ನಿಲ್ಲುತ್ತಾನೆ. ಕುಮಟೆಯ ಸುದರ್ಶನ ಹೆಗಡೆಯ ಮನೆಯಲ್ಲಿ ಪ್ರತಿ ವರ್ಷ ಸತ್ಯನಾರಾಯಣ ಪೂಜೆಯ ದಿನ ಹೀಗಾಗುತ್ತದೆ. ಇದರಲ್ಲಿ ವಿಚಿತ್ರವೇನಾದರೂ ಇದೆಯೆಂದು ಆ ಮನೆಯಲ್ಲಿ ಯಾರಿಗೂ ಅನ್ನಿಸಿಲ್ಲ.

ಅಣ್ಣ ಸುದರ್ಶನ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾನೆ. ತಮ್ಮ ನಾಗಪತಿ ಪುರೋಹಿತ. ಒಂದೇ ತಂದೆಯ ಮಕ್ಕಳಾದರೂ ಅಣ್ಣ ಹೆಗಡೆ, ತಮ್ಮ ಭಟ್ಟ. ವೇದ ಪಾಠಶಾಲೆಗೆ ಸೇರಿದ ವರ್ಷ ಅಲ್ಲಿಯವರು ಕರೆದ ಹೆಸರು ಮುಂದೆ ರೇಶನ್ ಕಾರ್ಡಿನಲ್ಲೂ ಹಾಗೇ ಕೂತಿತು. ಈಗ ಅವನಿಗೆ ಮೂವತ್ತಾರು ವರ್ಷ. ಮದುವೆಯಾಗಿಲ್ಲ. ಕರ್ಕಿಯಲ್ಲಿ ಹೆದ್ದಾರಿಯ ಬದಿಯ ಸಣ್ಣ ಮನೆಯಲ್ಲಿ ತಾಯಿ ಸುಬ್ಬಲಕ್ಷ್ಮಿಯ ಜೊತೆ ಇದ್ದಾನೆ. ಒಂದು ಸ್ಕೂಟರು, ಒಂದು ಜೋಳಿಗೆ, ದಪ್ಪ ಗಾಜಿನ ಕನ್ನಡಕ. ಹೋಮದ ಹೊಗೆಯ ಎದುರು ಕೂತಾಗ ಆ ಗಾಜು ಮಬ್ಬಾಗುತ್ತದೆ. ಅವನು ಒರೆಸಿಕೊಳ್ಳುವುದಿಲ್ಲ. ಮಂತ್ರಕ್ಕೆ ಅವನಿಗೆ ಕಣ್ಣು ಬೇಕಾಗಿಲ್ಲ.

ಈ ಸಲದ ಪೂಜೆಯ ದಿನ ಊಟ ಮುಗಿಸಿ ಅವನು ಹಿಂಬದಿಯ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ. ಪಕ್ಕದ ಕೋಣೆಯ ಕಿಟಕಿ ತೆರೆದಿತ್ತು. ಒಳಗೆ ಅತ್ತಿಗೆ ಸುಮತಿ ಮಗಳು ಶ್ರೇಯಾಳಿಗೆ ಲೆಕ್ಕ ಹೇಳಿಕೊಡುತ್ತಿದ್ದಳು. ಶ್ರೇಯಾಳಿಗೆ ಹನ್ನೆರಡು ವರ್ಷ; ಜಾಣೆ, ಆದರೆ ಆ ಹೊತ್ತಿಗೆ ಅವಳ ಗಮನವೆಲ್ಲ ಉಳಿದ ಪ್ರಸಾದದ ಮೇಲಿತ್ತು.

“ಈ ಲೆಕ್ಕ ಇನ್ನೂ ಬಂಜಿಲ್ಯಾ? ಹೀಂಗೇ ಕುಂತ್ಕ. ಆತು, ನಿನ್ನ ಭಟ್ಟರ ಮನಿಗೇ ಕೊಡದು. ದಿನಾ ಮಡಿ ಸೀರೆ ಉಟ್ಗಂಡು, ಹೂಂಗು ಕಟ್ಟಿಕೊಟ್ಟು, ದರ್ಭೆ ಒಣಗ್ಸ್ತಾ ಇರು.”

“ಆಯೀ! ಅಪ್ಪಚ್ಚಿ ಹೊರಗೇ ಇದ್ದ.”

“ಇರ್ಲಿ ಬಿಡು,” ಎಂದಳು ಸುಮತಿ, ದನಿಯನ್ನು ಸ್ವಲ್ಪ ಮಾತ್ರ ತಗ್ಗಿಸಿ. “ಅವಂಗೂ ಗೊತ್ತಿಪ್ಪ ಮಾತೇಯ.”

ನಾಗಪತಿ ನಲ್ಲಿ ನಿಲ್ಲಿಸಿದ. ಪಂಚೆಯ ತುದಿಗೆ ಕೈ ಒರೆಸಿಕೊಂಡು ಹೊರಗಿನ ಹಾಲಿಗೆ ಬಂದ.

ಹಾಲಿನ ನಡುವಿನ ಕುರ್ಚಿಯಲ್ಲಿ ಸೋದರಮಾವ ಶ್ರೀರಾಮ ಹೆಗಡೆ ಎಲೆಯಡಿಕೆ ಹಾಕುತ್ತ ಕೂತಿದ್ದರು. ಸುಬ್ಬಲಕ್ಷ್ಮಿಯ ಅಣ್ಣ. ಮಕ್ಕಳಿಬ್ಬರೂ ಚಿಕ್ಕವರಿದ್ದಾಗಲೇ ಅವರ ತಂದೆ ತೀರಿಕೊಂಡದ್ದರಿಂದ, ಆ ಮನೆಯ ದೊಡ್ಡ ನಿರ್ಧಾರಗಳೆಲ್ಲ ಅಂದಿನಿಂದ ಇಂದಿನವರೆಗೆ ಈ ಮಾವನ ಬಾಯಿಂದಲೇ ಬಂದಿವೆ.

“ಸುದರ್ಶನಾ, ಮಾಣಿ ಕಥೆ ಎಂತ ಆತು?” ಎಂದು ಕೇಳಿದರು. ಮಾಣಿಯೆಂದರೆ ಶ್ರೇಯಾಳ ತಮ್ಮ ಸುಮುಖ, ಏಳು ವರ್ಷದವನು. “ಶಾಲೇಲಿ ಎರಡ್ನೇತ್ತಿ ಮುಗೀತು. ನಾಕಕ್ಷರ ಕೂಡ್ಸಿ ಓದಲೆ ಬತ್ತಿಲ್ಲೆ ಹೇಳ್ತೆ.”

“ಬತ್ತಿಲ್ಲೆ ಮಾವಾ. ಶಾಲೆ ಮೇಡಂ ಕರೆದು ಹೇಳ್ತು, ಅವನೊಬ್ಬಂಗೆ ಬೇರೆ ಟ್ಯೂಶನ್ ಬೇಕು ಹೇಳಿ.”

“ಟ್ಯೂಶನ್ ಎಂತಕ್ಕೆ? ನಮ್ಮಲ್ಲಿ ದಾರಿ ಹಾಕಿಟ್ಟಿದ್ದು ಇದ್ದಲಿ. ಒಬ್ಬ ಶಾಲೆಗೆ, ಒಬ್ಬ ಮಂತ್ರಕ್ಕೆ. ಶ್ರೇಯಾ ಕೂಸು ಹುಷಾರಿದ್ದು, ಓದ್ಲಿ. ಮಾಣಿಗೆ ಈ ಬೇಸಿಗೇಲಿ ಮುಂಜಿ ಮಾಡಿ ಪಾಠಶಾಲೆಗೆ ಬಿಡದು. ಇಲ್ನೋಡು ನಾಗಪತಿಯ. ಬೋರ್ಡ್ ಮೇಲಿನ ಅ ಆ ಓದಲೆ ಬರದಿದ್ದಂವ ಇವತ್ತು ಪುಸ್ತಕ ಮುಟ್ಟದೆ ಇಡೀ ರುದ್ರ ಹೇಳ್ತ!”

ಎಲ್ಲರೂ ನಾಗಪತಿಯನ್ನು ನೋಡಿದರು. ಹೆಮ್ಮೆಯಿಂದಲೇ ನೋಡಿದರು. ಒಂದು ಗಂಟೆಯ ಹಿಂದೆ ಅವನ ಕಾಲಿಗೆ ಬಿದ್ದವರು, ಹತ್ತು ನಿಮಿಷದ ಹಿಂದೆ ಭಟ್ಟರ ಹೆಸರಿನಲ್ಲಿ ಮಗಳನ್ನು ಹೆದರಿಸಿದವರು. ಬಾಗಿಲಿನ ಪರದೆಯ ಹಿಂದೆ ಸುಮುಖ ನಿಂತಿದ್ದ. ಅವನು ಯಾರನ್ನೂ ನೋಡಲಿಲ್ಲ. ಕೈಯಲ್ಲಿದ್ದ ಲಡ್ಡುವಿನ ದ್ರಾಕ್ಷಿಯನ್ನು ಬಿಡಿಸಿ ತೆಗೆಯುತ್ತಿದ್ದ.

ನಾನು ಇಲ್ಲೊಂದು ಮಾತು ಹೇಳಬೇಕು. ವೇದ ಕಲಿಯಬೇಕೆಂದು ತಾವೇ ಆರಿಸಿಕೊಂಡು ಹೊರಟವರನ್ನು ನಾನು ಬಲ್ಲೆ. ಅವರ ಮುಂದೆ ನನ್ನ ತಲೆ ಬಾಗುತ್ತದೆ. ಈ ಕಥೆ ಅವರದಲ್ಲ. ಮನೆಯಲ್ಲಿ ದಡ್ಡನೆಂದು ಕಂಡ ಮಗುವನ್ನು ದೇವರಿಗೆ ಕೊಟ್ಟು, ಜಾಣನೆಂದು ಕಂಡ ಮಗುವನ್ನು ತಮಗಿಟ್ಟುಕೊಂಡು, ಅದನ್ನೇ ಧರ್ಮವೆಂದು ಕರೆಯುವ ಮನೆಗಳ ಕಥೆ ಇದು. ಅಂಥ ಮನೆಗಳು ನಿಮ್ಮ ಬೀದಿಯಲ್ಲೂ ಇರಬಹುದು.

ನಾಗಪತಿ ಏಳು ವರ್ಷದವನಿದ್ದಾಗ ಊರಿನ ಶಾಲೆಯಲ್ಲಿ ಇದ್ದದ್ದು ಒಂದೇ ಕೋಣೆ, ಒಬ್ಬರೇ ಮಾಸ್ತರು. ಅಣ್ಣ ತಮ್ಮ ಬೇರೆ ಬೇರೆ ಇಯತ್ತೆಯಾದರೂ ಒಂದೇ ಚಾಪೆಯಲ್ಲಿ ಕೂರುತ್ತಿದ್ದರು. ಮಾಸ್ತರು ಬೋರ್ಡಿನ ಮೇಲೆ ಬರೆದದ್ದು ನಾಗಪತಿಗೆ ಬಿಳಿ ಹೊಗೆಯಂತೆ ಕಾಣುತ್ತಿತ್ತು. ಎಲ್ಲರಿಗೂ ಹಾಗೇ ಕಾಣುತ್ತದೆ, ಉಳಿದವರು ಹೊಗೆಯನ್ನು ಓದಲು ಕಲಿತಿದ್ದಾರೆ, ತನಗೊಬ್ಬನಿಗೆ ಬರುವುದಿಲ್ಲ ಎಂದು ಅವನು ತಿಳಿದಿದ್ದ. ಸುದರ್ಶನ ಕಿವಿಯ ಹತ್ತಿರ ಬಂದು ಪಿಸುಗುಡುತ್ತಿದ್ದ: “ಕಮಲ ಹೇಳಿ ಬರದ್ದ. ಬರ್ಕ.” ಅಣ್ಣನಿಗೆ ಜ್ವರ ಬಂದ ದಿನ ನಾಗಪತಿಯ ಪಾಟಿ ಖಾಲಿ ಇರುತ್ತಿತ್ತು. ಬೆತ್ತದ ಏಟು ಬೀಳುತ್ತಿತ್ತು. ಮಾಸ್ತರು ಮನೆಗೆ ಬಂದು ಹೇಳಿದರು, ಹಿರಿಯವನು ಓದುತ್ತಾನೆ, ಕಿರಿಯವನು ಮಂದ.

ಆ ಬೇಸಿಗೆಯಲ್ಲಿ ಇಬ್ಬರಿಗೂ ಒಟ್ಟಿಗೇ ಮುಂಜಿಯಾಯಿತು. ವಟುಗಳಿಬ್ಬರೂ ಭಿಕ್ಷೆಗೆ ನಿಂತಾಗ ಮಾವ ಸುದರ್ಶನನ ಜೋಳಿಗೆಗೆ ಅಕ್ಕಿಯ ಜೊತೆ ಒಂದು ಕೈಗಡಿಯಾರ ಹಾಕಿದರು. ನಾಗಪತಿಯ ಜೋಳಿಗೆಗೆ ತಾಮ್ರದ ಪಂಚಪಾತ್ರೆ ಹಾಕಿದರು, ಸಂಧ್ಯಾವಂದನೆಗೆ ನೀರು ಹಿಡಿಯುವ ಸಣ್ಣ ಲೋಟ. ಆ ಕುಟುಂಬದಲ್ಲಿ ಅದರ ಅರ್ಥ ಎಲ್ಲರಿಗೂ ಗೊತ್ತು. ಯಾರ ಭಿಕ್ಷೆಗೆ ಪಂಚಪಾತ್ರೆ ಬಿತ್ತೋ ಅವನು ಮಂತ್ರಕ್ಕೆ. ನಾಗಪತಿ ತನಗೆ ಸಿಕ್ಕಿದ್ದು ಹೆಚ್ಚು ಹೊಳೆಯುತ್ತದೆಂದು ಖುಷಿಪಟ್ಟಿದ್ದ. ಒಳಗೆ ಅಳುತ್ತ ಕೂತಿದ್ದ ಸುಬ್ಬಲಕ್ಷ್ಮಿಗೆ ಅಣ್ಣ ಶ್ರೀರಾಮ ಹೆಗಡೆ ಹೇಳಿದ ಮಾತು ಇದು: “ಅಳಡ ತಂಗೀ. ಮಂತ್ರ ಕಲ್ತು ಬರ್ಲಿ. ಎನ್ನ ಕೂಸ್ನೇ ಅವಂಗೆ ಕೊಡ್ತೆ.” ಆ ಕೂಸು, ಸ್ಮೃತಿ, ಆಗ ತೊಟ್ಟಿಲಲ್ಲಿತ್ತು.

ಪಾಠಶಾಲೆಯಲ್ಲಿ ಕಲಿಕೆಯೆಲ್ಲ ಕಿವಿಯಿಂದ. ಗುರುಗಳು ಒಮ್ಮೆ ಹೇಳಿದರೆ ಇವನು ಎರಡು ಸಲ ತಿರುಗಿ ಹೇಳುತ್ತಿದ್ದ. ಬೋರ್ಡೇ ಇಲ್ಲದ ಕಡೆ ಹೊಗೆಯೂ ಇಲ್ಲ. ಊರಿಗೆ ಸುದ್ದಿ ಬಂತು, ಮಾವ ಎಲ್ಲರಿಗೂ ಹೇಳಿದರು, “ನಾ ಹೇಳಿದ್ನಲಿ!” ಹೀಗೆ ಅವನ ಕಣ್ಣು ಹನ್ನೆರಡು ವರ್ಷ ಯಾರಿಗೂ ಬೇಕಾಗಲಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ತಾಯಿಯನ್ನು ಹೊನ್ನಾವರದ ಕಣ್ಣಿನ ಶಿಬಿರಕ್ಕೆ ಕರೆದುಕೊಂಡು ಹೋದಾಗ ಡಾಕ್ಟರು ಸುಮ್ಮನೆ ಇವನನ್ನೂ ಕೂರಿಸಿದರು. ಪಾಠಶಾಲೆಯಲ್ಲಿ ಪುಸ್ತಕವನ್ನು ಮೂಗಿಗೆ ಹಿಡಿದು ಅಕ್ಷರವನ್ನೂ ಕಲಿತಿದ್ದ ಅವನು ಕನ್ನಡಕ ಬಂದ ದಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ದೂರದ ಬಸ್ಸಿನ ಬೋರ್ಡು ಓದಿದ. ಆಚೆ ಬದಿಯ ಔಷಧ ಅಂಗಡಿಯ ಬೋರ್ಡು ಓದಿದ. ಕಟ್ಟಡದ ಮೇಲಿನ ಸಿಮೆಂಟಿನ ಜಾಹೀರಾತು ಓದಿದ. ಓದುತ್ತ ಓದುತ್ತ ಗಟ್ಟಿಯಾಗಿ ನಗುತ್ತಿದ್ದ. ಪಕ್ಕದಲ್ಲಿದ್ದ ತಾಯಿ ನಗಲಿಲ್ಲ. ಅವಳಿಗೆ ಅರ್ಥವಾಗಿತ್ತು.

ವಿಷಯ ತಿಳಿದಾಗ ಮಾವ ಮಾತ್ರ ನಕ್ಕರು. “ಈಗೆಂತ, ಒಂದನೇತ್ತಿಗೆ ಹೋಗಿ ಕುಂತ್ಕತ್ಯಾ?”

ಮುಂದಿನದು ಕರಾವಳಿಯ ಯಾವ ಭಟ್ಟರ ಮನೆಯಲ್ಲಿ ಕೇಳಿದರೂ ಹೇಳುತ್ತಾರೆ. ಜಾತಕ ಕೂಡುತ್ತದೆ, ಮನೆತನ ಕೂಡುತ್ತದೆ, ಹುಡುಗ ಒಳ್ಳೆಯವನೆಂದು ಎಲ್ಲರೂ ಒಪ್ಪುತ್ತಾರೆ. “ಆದರೆ ಕೂಸು ಒಪ್ತಿಲ್ಲೆ, ಎಂತ ಮಾಡದು?” ಎಂದು ಹೇಳಿ ಆಸರಿಗೆ ಕುಡಿಯಲು ಕೊಡುತ್ತಾರೆ, ಬೆಲ್ಲದ ಪಾನಕ ಕುಡಿದು ಸುಬ್ಬಲಕ್ಷ್ಮಿ ವಾಪಸು ಬರುತ್ತಾಳೆ. ಮಾವನ ಮಗಳು ಸ್ಮೃತಿ ಲೆಕ್ಕಪರಿಶೋಧಕಿಯಾದಳು. ಬ್ಯಾಂಕಿನ ಅಧಿಕಾರಿಯೊಬ್ಬನ ಜೊತೆ ಅವಳ ಮದುವೆ ಗೊತ್ತಾದಾಗ ಮಾವ ಕರ್ಕಿಗೆ ಬಂದದ್ದು ಕ್ಷಮೆ ಕೇಳಲಲ್ಲ. “ನಮ್ಮನೆ ಭಟ್ರು ನೀನೇ ಅಲ್ದಾ ಮಾರಾಯಾ? ಹೊರಗಿನವ್ರನ್ನ ಕರೆದ್ರೆ ಚೊಲೋ ಕಾಣ್ತಿಲ್ಲೆ,” ಎಂದರು. ನಾಗಪತಿ ಹೋದ. ಅಂತರಪಟ ಹಿಡಿಸಿದ, ಮಂಗಳಾಷ್ಟಕ ಹೇಳಿದ, ಒಂದು ಸ್ವರವೂ ತಪ್ಪಲಿಲ್ಲ.

ಅವನು ಸ್ಮೃತಿಯನ್ನು ದೂರಲಿಲ್ಲ. ಯಾರನ್ನು ಮದುವೆಯಾಗಬೇಕೆಂದು ಅವಳು ಹೇಳಬೇಕು, ತೊಟ್ಟಿಲಲ್ಲಿದ್ದಾಗ ಅವಳಪ್ಪ ಅಲ್ಲ. ಆದರೆ ಮೂರು ವರ್ಷದ ಹಿಂದೆ ಅವಳು ಮಂಗಳೂರಿನಿಂದ ಗಂಡ, ಮಗನ ಜೊತೆ ಇಡಗುಂಜಿಗೆ ಬಂದಾಗ, ಗಣಹೋಮ ಮಾಡಿಸಿದವನು ಇವನೇ. ಹೋಮ ಮುಗಿದ ಮೇಲೆ ಅವಳು ನಗುತ್ತ ಹೇಳಿದಳು, “ಭಾವಾ, ಸಣ್ಣಿಪ್ಪಕಾದ್ರೆ ಅಪ್ಪಯ್ಯ ಎಂಗೆ ನಿನ್ನ ಹೆಸ್ರು ಹೇಳೇ ಹೆದರ್ಸ್ತಿದ್ದ. ‘ಓದದೇ ಇದ್ರೆ ನಾಗಪತಿಗೇ ಕೊಡ್ತೆ’ ಹೇಳಿ. ಆನು ಓದಿದ್ದು ಆ ಹೆದರಿಕೆಗೇಯ!” ಹೇಳಿ ಮುಗಿಯುವಷ್ಟರಲ್ಲಿ ಅವಳ ನಗು ನಿಂತಿತು. ಅವಳು ಬೇಗ ಮಗನನ್ನು ಎತ್ತಿಕೊಂಡಳು.

ತಂಗಿಗೆ ಕೊಟ್ಟ ಮಾತು ಮಾವನ ಮನೆಯೊಳಗೆ ಹೋಗಿ ಗುಮ್ಮನಾಗಿತ್ತು. ಅದೂ ಒಂದೇ ಬಾಯಿಂದ.

ಬೇಸಿಗೆ ರಜೆಗೆ ಸುಮುಖ ಅಜ್ಜಿಯ ಮನೆಗೆಂದು ಕರ್ಕಿಗೆ ಬಂದ. ಎರಡು ದಿನ ನಾಗಪತಿ ಅವನನ್ನು ಗಮನಿಸಿದ. ಹುಡುಗ ಕಥೆಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿಯುತ್ತಿದ್ದ. ಗೋಡೆಯ ಕ್ಯಾಲೆಂಡರ್ ನೋಡುವಾಗ ಕಣ್ಣು ಕಿರಿದು ಮಾಡುತ್ತಿದ್ದ. ನಾಗಪತಿಗೆ ತನ್ನದೇ ಬಾಲ್ಯ ಕಂಡಿತು. ಸಿಕ್ಕಿತು! ಬರೀ ಕನ್ನಡಕದ ವಿಷಯ. ಈ ಸಲ ಸಮಯಕ್ಕೆ ಸರಿಯಾಗಿ ಸಿಕ್ಕಿತು.

ಮರುದಿನವೇ ಹುಡುಗನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊನ್ನಾವರಕ್ಕೆ ಹೋದ. ಪೇಟೆಯಲ್ಲಿ ಸುಮಿತನ ಕನ್ನಡಕದ ಅಂಗಡಿ. ಸುಮಿತ ಮೀನುಗಾರರ ಮನೆಯ ಹುಡುಗ, ಕಣ್ಣು ಪರೀಕ್ಷೆಯ ಕೋರ್ಸು ಮುಗಿಸಿ ಬಂದು ಅಂಗಡಿ ಹಾಕಿದವನು. ನಾಗಪತಿಯ ಗಾಜು ಬದಲಿಸುವುದು ಅವನೇ.

“ಎಂತ ಭಟ್ರೆ, ಹೊಸ ಗಿರಾಕಿ ತಂದ್ರಿ!” ಎಂದು ಸುಮಿತ ಹುಡುಗನನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದ. ಅಕ್ಷರ ಓದಲು ಬರುವುದಿಲ್ಲವೆಂದು ನಾಗಪತಿ ಹೇಳಿದ್ದರಿಂದ ಚಿತ್ರಗಳ ಫಲಕ ಹಾಕಿದ. ಸುಮುಖ ದೊಡ್ಡ ಮನೆಯ ಚಿತ್ರವನ್ನೂ “ಕಾಣ್ತಿಲ್ಲೆ” ಎಂದ. ಸುಮಿತ ದೀಪ ಹಿಡಿದು ನೋಡಿದ, ಯಂತ್ರಕ್ಕೆ ಗದ್ದ ಇಡಿಸಿ ನೋಡಿದ, ಮತ್ತೊಮ್ಮೆ ನೋಡಿದ. ಆಮೇಲೆ ಬಾಗಿಲಾಚೆ ಬೆರಳು ತೋರಿಸಿ ಸುಮ್ಮನೆ ಕೇಳಿದ, “ಆ ತಂತಿ ಮೇಲೆ ಎಂತ ಕೂತದ್ಯೋ?”

“ಕಾಕೆ. ಬಾಯಲ್ಲಿ ಮೀನು ಇದ್ದು.”

ಸುಮಿತ ನಕ್ಕುಬಿಟ್ಟ. “ಭಟ್ರೆ, ಈ ಹುಡ್ಗನ ಕಣ್ಣು ನನ್ನ ಕಣ್ಣಿಗಿಂತ ಚಲೋ ಇತ್ತು. ಮೀನಿನ ಜಾತಿನೂ ಹೇಳ್ತಿದ್ದ, ಕೇಳಿದ್ರೆ.”

ನಾಗಪತಿಗೆ ನಗು ಬರಲಿಲ್ಲ. ಒಂದು ಮಗುವಿನ ಕಣ್ಣು ಚೆನ್ನಾಗಿದೆ ಎಂದು ಕೇಳಿ ಎದೆ ಕುಸಿಯಬಹುದೆಂದು ಅವನಿಗೆ ಗೊತ್ತಿರಲಿಲ್ಲ. ಕುರ್ಚಿಯಿಂದ ಇಳಿದ ಸುಮುಖ ಅವನ ಪಂಚೆ ಹಿಡಿದ.

“ಅಪ್ಪಚ್ಚೀ, ಕನ್ನಡಕ ಇಲ್ಯಾ?”

“ಬ್ಯಾಡದ ತಮ್ಮಾ. ನಿನ್ನ ಕಣ್ಣು ಸರಿ ಇದ್ದು.”

ಹುಡುಗ ಪಂಚೆ ಬಿಡಲಿಲ್ಲ. “ಕನ್ನಡಕ ಬಂದ್ರೆ ಎನ್ನ ಪಾಠಶಾಲೆಗೆ ಕಳಸ್ತ್ವಿಲ್ಲೆ ಹೇಳಿ ಅಕ್ಕ ಹೇಳಿತ್ತು. ನಿಂಗೆ ಕಣ್ಣು ಕಾಣದೇ ಕಳಸಿದ್ದಡ. ಮೊದ್ಲೇ ಕನ್ನಡಕ ಇದ್ದಿದ್ರೆ ಕಳಸ್ತಿದ್ವಿಲ್ಯಡ.”

ಪುಸ್ತಕವನ್ನು ಮೂಗಿಗೆ ಹಿಡಿದದ್ದು, ಕ್ಯಾಲೆಂಡರಿನ ಎದುರು ಕಣ್ಣು ಕಿರಿದು ಮಾಡಿದ್ದು, ಎಲ್ಲ ಅವನು ಕನ್ನಡಕ ತೆಗೆದಿಟ್ಟಾಗ ನೋಡಿ ನೋಡಿ ಹುಡುಗ ಕಲಿತು ಮಾಡಿದ್ದ ನಾಟಕ. ನಾಲ್ಕು ಅಕ್ಷರ ಕೂಡಿಸಲಾರದವನು ಇದನ್ನೆಲ್ಲ ಒಬ್ಬನೇ ಯೋಚಿಸಿ ಮಾಡಿದ್ದ. ನಾಗಪತಿ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟ.

ಸುಮಿತನಿಗೆ ಪೂರ್ತಿ ತಿಳಿಯದಿದ್ದರೂ ಸ್ವಲ್ಪ ತಿಳಿಯಿತು. “ಓದುಕೆ ಬರೂದಿಲ್ಲ ಅಂತ ಬೇಜಾರಾ ಭಟ್ರೆ? ನಾನು ಎಸ್ಸೆಲ್ಸಿ ಎರಡು ಸಲ ಡುಮ್ಕಿ. ಬೋಟಿಗೆ ಹಾಕ್ವ ಅಂತ ಅಪ್ಪ. ನಮ್ಮಮ್ಮ ಮೀನು ಬುಟ್ಟಿ ಅಂಗಳಕ್ಕೆ ಕುಕ್ಕಿ, ‘ಮೂರ್ನೇ ಸಲ ಬರೀಲಿ, ಸಮುದ್ರ ಎಲ್ಲೂ ಹೋಗೂದಿಲ್ಲ’ ಅಂತು. ಬರ್ದೆ. ಆತು.”

ವಾಪಸು ಬರುವಾಗ ಶರಾವತಿಯ ಸೇತುವೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಹುಡುಗ ಹಿಂದಿನಿಂದ ಅವನ ಸೊಂಟ ತಬ್ಬಿ ಹಿಡಿದಿದ್ದ. ದಾರಿಯುದ್ದಕ್ಕೂ ನಾಗಪತಿ ಒಂದೇ ವಿಷಯ ಯೋಚಿಸಿದ. ಹದಿನೇಳು ವರ್ಷ ಅವನು ಒಂದು ಸಮಾಧಾನ ಇಟ್ಟುಕೊಂಡಿದ್ದ: ನಾನು ದಡ್ಡನಲ್ಲ, ಕಣ್ಣು ಕಾಣುತ್ತಿರಲಿಲ್ಲ, ಆದ್ದರಿಂದ ನನಗಾದದ್ದು ಅನ್ಯಾಯ. ಹಾಗಾದರೆ ನಿಜವಾಗಿ ನಿಧಾನವಾದ ಮಗುವಿಗೆ ಇದೇ ಆದರೆ ಅದು ನ್ಯಾಯವೇ?

ಮುಂದಿನ ವಾರ ಮುಹೂರ್ತ ನಿಶ್ಚಯಿಸಲು ಮಾವ, ಸುದರ್ಶನ ಇಬ್ಬರೂ ಕರ್ಕಿಗೆ ಬಂದರು. ಸುಮುಖ ಹಿತ್ತಲಲ್ಲಿ ಆಡುತ್ತಿದ್ದ. ಮಾವ ಪಂಚಾಂಗ ಮಡಿಲಲ್ಲಿಟ್ಟುಕೊಂಡು, ಚೀಲದಿಂದ ಕಾಗದ ಸುತ್ತಿದ ಹೊಸ ಪಂಚಪಾತ್ರೆ ತೆಗೆದು ಮೇಜಿನ ಮೇಲಿಟ್ಟರು.

“ಭಿಕ್ಷೆಗೆ ಹೇಳಿ ಈಗಲೇ ತಂದಿ. ಆಚಾರ್ಯ ನೀನೇಯ. ಬರೆ ದಿನ ಹೇಳು.”

“ಮುಂಜಿ ಮಾಡ್ತೆ ಮಾವಾ, ಖುಷಿಯಿಂದ ಮಾಡ್ತೆ,” ಎಂದ ನಾಗಪತಿ. “ಆದ್ರೆ ಈ ಪಾತ್ರೆ ಅವನ ಭಿಕ್ಷೆಗೆ ಬೀಳ್ತು ಹೇಳಾದ್ರೆ ಆನು ಮಾಡ್ತ್ನಿಲ್ಲೆ.”

“ಎಂತ ಹೇಳ್ದೆ?”

“ಮಾಣಿ ಶಾಲೆಗೇ ಹೋಗ್ಲಿ. ದೊಡ್ಡಾದ್ಮೇಲೆ ಅವಂಗೇ ಮಂತ್ರ ಬೇಕು ಹೇಳಿ ಕಂಡ್ರೆ, ಆನೇ ಕುಳ್ಳಿರ್ಸ್ಕಂಡು ಕಲಸ್ತೆ. ಈಗ ಅವನ ಹತ್ರ ಯಾರೂ ಕೇಳಿದ್ವಿಲ್ಲೆ.”

“ನಿನ್ನ ಹತ್ರ ಯಾರು ಕೇಳಿದ್ದ?” ಮಾವನ ದನಿ ಏರಿತು. “ಎಂತ ಕಡಿಮೆ ಆಜು ನಿಂಗೆ? ಊರೆಲ್ಲ ಕಾಲಿಗೆ ಬೀಳ್ತು!”

“ಬೀಳ್ತು. ಕಾಲಿಗೆ ಬಿದ್ದವ್ವು ಕೂಸು ಕೊಡ್ತ್ವಿಲ್ಲೆ.”

“ಓಹೋ! ಇದಾ ಸಂಗ್ತಿ?” ಮಾವ ಸುದರ್ಶನನ ಕಡೆ ತಿರುಗಿ ನಕ್ಕರು. “ಮದುವೆ ಆಗದ ಸಿಟ್ಟು ಮಾಣಿ ಮೇಲೆ ತೀರಿಸ್ತಾ ಇದ್ದ. ಇಡಗುಂಜಿ ಗಣಪತಿಗೇ ಹೆಂಡ್ತಿ ಇಲ್ಲೆ, ಇವಂಗೆ ಬೇಕಡ!”

“ಗಣಪತಿ ತೋರ್ಸಿ ಯಾರೂ ಕೂಸುಗಳನ್ನ ಹೆದರ್ಸ್ತ್ವಿಲ್ಲೆ ಮಾವಾ. ಎನ್ನ ತೋರ್ಸಿ ಹೆದರ್ಸ್ತಿ. ಸ್ಮೃತಿ ಹೇಳ್ತು.”

ಮಾವನ ನಗು ಬಾಯಲ್ಲೇ ಉಳಿಯಿತು. ಅಡಿಗೆಮನೆಯಲ್ಲಿ ಲೋಟದ ಸದ್ದು ನಿಂತಿತು.

ಸುದರ್ಶನ ಮೆತ್ತಗೆ ಬಾಯಿ ಹಾಕಿದ. “ತಮ್ಮಾ, ಸಿಟ್ಟು ಮಾಡಡ. ಕಣ್ಣು ತೋರ್ಸ್ಕಂಡು ಬಂದ್ಯಡ, ಸರಿ ಇದ್ದಡ. ನಿನ್ನ ಹಾಂಗಲ್ಲ ಅಂವ. ಅವಂಗೆ ನಿಜಕ್ಕೂ ಬತ್ತಿಲ್ಲೆ.”

“ಅಣ್ಣಾ, ಎನ್ನ ಕಣ್ಣು ಸರಿ ಇದ್ದಿದ್ರೆ ಎನ್ನ ಕಳ್ಸಿದ್ದು ಸರಿ ಆಗ್ತಿತ್ತಾ?” ನಾಗಪತಿ ಕನ್ನಡಕ ತೆಗೆದು ಕೈಯಲ್ಲಿ ಹಿಡಿದ. ಆಗ ಅಣ್ಣನ ಮುಖ ಅವನಿಗೆ ಹಳೆಯ ಬೋರ್ಡಿನಂತೆ ಮಸುಕಾಯಿತು; ಹಾಗೆ ಕಂಡರೆ ಮಾತಾಡುವುದು ಸುಲಭ. “ನೀ ಕಾಲೇಜಲ್ಲಿ ಮಸೂರದ ಪಾಠ ಮಾಡ್ತೆ. ಬೋರ್ಡ್ ಮೇಲೆ ಬರದ್ದನ್ನ ಎಂಗೆ ಯಾರು ಓದಿ ಹೇಳ್ತಿದ್ದ? ಎಂಗೆ ಕಾಣ್ತಿಲ್ಲೆ ಹೇಳಿ ಇಡೀ ಊರಲ್ಲಿ ಒಬ್ಬಂಗೆ ಗೊತ್ತಿತ್ತು.”

ಸುದರ್ಶನ ನೆಲ ನೋಡಿದ. “ಆನೂ ಸಣ್ಣಂವ ತಮ್ಮಾ. ಬೈತ ಹೇಳಿ ಹೆದ್ರಿದ್ದಿ. ಒಂಬತ್ತು ವರ್ಷ ಎಂಗೆ.”

“ಹೌದು, ಆಗ ನೀ ಸಣ್ಣಂವ. ಈಗ?”

ಹೆದ್ದಾರಿಯಲ್ಲಿ ಲಾರಿಯೊಂದು ಹೋಗಿ ಕಿಟಕಿಯ ಗಾಜು ಗಡಗಡಿಸಿತು. ಮಾವ ಪಂಚಾಂಗ ಮುಚ್ಚಿದರು.

“ಆತು ಮಾರಾಯಾ. ನೀನೊಬ್ಬನೇ ಭಟ್ಟ ಅಲ್ಲ. ಬೇರೆಯವ್ವು ಸಿಗ್ತ.”

“ಕೇಳಿ ನೋಡಿ. ಭಟ್ಕಳದಿಂದ ಕುಮಟೆವರೆಗೆ ಎಂಗೆ ಗುರ್ತಿಪ್ಪ ಎಲ್ಲರ ಹತ್ರ ಮಾತಾಡಿದ್ದೆ. ಹೀಂಗೆ ಮಕ್ಕಳನ್ನ ಕೊಡೋ ಮುಂಜಿಗೆ ಯಾರೂ ಬತ್ವಿಲ್ಲೆ. ಮಾತಾಡಲೆ ತೊಂದರೆ ಆಜಿಲ್ಲೆ. ಯಾರಿಗೂ ಮದುವೆ ಆಜಿಲ್ಲೆ, ಎಲ್ಲರಿಗೂ ಪುರ್ಸೊತ್ತಿತ್ತು.”

ಸುಬ್ಬಲಕ್ಷ್ಮಿ ಅಡಿಗೆಮನೆಯಿಂದ ಬಂದಳು. ತಟ್ಟೆಯಲ್ಲಿ ಕೋಕಂ ಪಾನಕದ ಮೂರು ಲೋಟಗಳಿದ್ದವು. ತಟ್ಟೆಯನ್ನು ಕೆಳಗಿಟ್ಟಳು, ಯಾರಿಗೂ ಲೋಟ ಕೊಡಲಿಲ್ಲ. ಮೇಜಿನ ಮೇಲಿದ್ದ ಪಂಚಪಾತ್ರೆಯ ಕಾಗದ ಬಿಡಿಸಿದಳು. ಹೊಸ ತಾಮ್ರ, ಎಳೆ ಮಗುವಿನ ಕೆನ್ನೆಯ ಹಾಗೆ ಕೆಂಪಗಿತ್ತು.

“ಅಣ್ಣಯ್ಯಾ,” ಎಂದಳು, “ಆ ದಿನ ಆನು ಒಳಗೆ ಕುಂತು ಅತ್ತಿ. ಹೊರಗೆ ಬಂದು ಹೇಳಕಾಗಿತ್ತು, ಹೇಳಿದ್ನಿಲ್ಲೆ. ನೀ ಕೊಟ್ಟ ಮಾತು ನಂಬಿದ್ದಿ. ಈ ಪಾತ್ರೆ ನೀನೇ ವಾಪಸ್ ತಗಂಡ್ಹೋಗು. ಸ್ಮೃತಿ ಮಗಂಗೂ ಐದು ತುಂಬ್ತು, ಮುಂಜಿ ವಯಸ್ಸು ಬಂತಲಿ. ಅವನ ಭಿಕ್ಷೆಗೆ ಹಾಕು.”

ಶ್ರೀರಾಮ ಹೆಗಡೆ ಬೆಚ್ಚಿ ತಂಗಿಯನ್ನು ನೋಡಿದರು.

“ಅಂವ ಎಂತಕೆ? ಅಂವ ಹುಷಾರಿದ್ದ, ತಂಗೀ.”

ಆ ಮಾತು ಅವರ ಬಾಯಿಂದ ಎಷ್ಟು ಸಹಜವಾಗಿ ಬಂದಿತ್ತೆಂದರೆ, ತಾವು ಏನು ಹೇಳಿದೆವೆಂದು ಅವರಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಉಳಿದ ಮೂವರಿಗೂ ಕೂಡಲೇ ತಿಳಿಯಿತು. ನಾಗಪತಿ ಕನ್ನಡಕ ಹಾಕಿಕೊಂಡ. ಈಗ ಎಲ್ಲರ ಮುಖವನ್ನೂ ಸ್ಪಷ್ಟವಾಗಿ ನೋಡಬೇಕೆನ್ನಿಸಿತು ಅವನಿಗೆ.

ಹಿತ್ತಲಿನಿಂದ ಸುಮುಖನ ಕೂಗು ಕೇಳುತ್ತಿತ್ತು. ಕಾಗೆಗೆ ಏನೋ ಬೈಯುತ್ತಿದ್ದ. ಸುಬ್ಬಲಕ್ಷ್ಮಿ ಪಾತ್ರೆ ಹಿಡಿದ ಕೈಯನ್ನು ಅಣ್ಣನ ಕಡೆಗೆ ಚಾಚಿಯೇ ನಿಂತಿದ್ದಳು. ಅವರ ಕೈ ಮುಂದೆ ಬರಲಿಲ್ಲ. ಅವಳ ಕೈ ಹಿಂದೆ ಹೋಗಲಿಲ್ಲ.